ಲೋಹದ ಮರುಬಾಳು

ಕೆಲವು ದಶಕಗಳ ಹಿಂದೆ ಕನ್ನಡನಾಡಿನ ಊರುಗಳ ಬೀದಿಗಳಲ್ಲಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಒಂದು ಕೂಗು ಕೇಳಿಬರುತ್ತಿತ್ತು: “ಪಾತ್ರೆಗೆ ಕಲಾಯಿ! ಹಂಡೆ, ಕೊಪ್ಪರಿಗೆ, ತಪ್ಪಲೆಗೆ ಕಲಾಯಿ!” ಆ ಕೂಗು ಕಿವಿಗೆ ಬಿದ್ದೊಡನೆ ಗೃಹಿಣಿಯರು ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನು ಕೆಳಗಿಳಿಸಿ ಜಗಲಿಗೆ ತಂದಿಡುತ್ತಿದ್ದರು. ಕಲಾಯಿಗಾರನು ಮರದ ನೆರಳಿನಲ್ಲಿ ನೆಲವನ್ನು ಅಗೆದು ಪುಟ್ಟ ಒಲೆಯೊಂದನ್ನು ಮಾಡಿ, ಅದಕ್ಕೆ ಇದ್ದಿಲು ತುಂಬಿ, ತಿದಿಯನ್ನು ಜೋಡಿಸಿ ಕುಳಿತನೆಂದರೆ ಬೀದಿಯ ಮಕ್ಕಳೆಲ್ಲ ಅವನ ಸುತ್ತ ಸೇರುತ್ತಿದ್ದರು. ಕಪ್ಪಗೆ ಮಂಕಾಗಿದ್ದ ಪಾತ್ರೆಯ ಒಡಲು ಕಣ್ಣೆದುರಿನಲ್ಲಿಯೇ ಬೆಳ್ಳಿಯಂತೆ ಹೊಳೆಯತೊಡಗುವ ಆ ನೋಟ ಅವರಿಗೆ ಇಂದ್ರಜಾಲದಂತೆ ತೋರುತ್ತಿತ್ತು.

ಅದು ಇಂದ್ರಜಾಲವಲ್ಲ, ಲೋಹವಿದ್ಯೆ. ಹಿತ್ತಾಳೆಯು ತಾಮ್ರ ಮತ್ತು ಸತುವು ಸೇರಿ ಆದ ಮಿಶ್ರಲೋಹ. ಹುಣಿಸೆ, ಮಜ್ಜಿಗೆ, ನಿಂಬೆಯಂತಹ ಹುಳಿ ಪದಾರ್ಥಗಳು ತಾಮ್ರವನ್ನಾಗಲಿ ಹಿತ್ತಾಳೆಯನ್ನಾಗಲಿ ಸೋಂಕಿದರೆ ರಾಸಾಯನಿಕ ಕ್ರಿಯೆ ನಡೆದು ತಾಮ್ರದ ಲವಣಗಳು ಉಂಟಾಗುತ್ತವೆ. ಪಾತ್ರೆಯ ಒಳಮೈಗೆ ಹತ್ತುವ ಹಸಿರು ಬಣ್ಣದ ಕಿಲುಬು ಇಂತಹುದೇ. ಕಿಲುಬು ಕೂಡಿದ ಸಾರನ್ನು ಉಂಡವರಿಗೆ ವಾಂತಿ, ಹೊಟ್ಟೆನೋವು ತಪ್ಪಿದ್ದಲ್ಲ. ಆದುದರಿಂದಲೇ ಅಡಿಗೆಯ ಪದಾರ್ಥಕ್ಕೂ ಹಿತ್ತಾಳೆಗೂ ನಡುವೆ ತವರದ ತೆಳ್ಳನೆಯ ಪರದೆಯೊಂದನ್ನು ಇಳಿಬಿಡುವ ಉಪಾಯವನ್ನು ಹಿಂದಿನವರು ಕಂಡುಕೊಂಡರು. ಕಲಾಯಿ ಎಂದರೆ ಆ ಪರದೆ. ನಿತ್ಯದ ಉಜ್ಜುವಿಕೆಯಿಂದ ಅದು ಸವೆಯುತ್ತದೆ. ಸವೆದಾಗ ಅದನ್ನು ಮತ್ತೆ ಹಾಕಿಸಬೇಕಾಗುತ್ತದೆ.

ಕಲಾಯಿಗಾರನ ಕೆಲಸದಲ್ಲಿ ಒಂದು ಕ್ರಮವಿತ್ತು. ಮೊದಲು ಪಾತ್ರೆಯನ್ನು ಮರಳು, ಹುಳಿಗಳಿಂದ ತಿಕ್ಕಿ ಕಿಲುಬಿನ ಸುಳಿವೂ ಉಳಿಯದಂತೆ ಮಾಡುತ್ತಿದ್ದನು. ದೊಡ್ಡ ಹಂಡೆಯಾದರೆ ಜೊತೆಯ ಹುಡುಗನು ಅದರೊಳಗೆ ನಿಂತು, ಕಾಲಡಿಯಲ್ಲಿ ಮರಳನ್ನೂ ಬಟ್ಟೆಯನ್ನೂ ಇಟ್ಟುಕೊಂಡು, ಗಿರಗಿರನೆ ತಿರುಗಿ ಉಜ್ಜುತ್ತಿದ್ದನು. ಬಳಿಕ ಪಾತ್ರೆಯನ್ನು ಬೆಂಕಿಯ ಮೇಲೆ ಹಿಡಿದು, ಅದು ಕಾದಾಗ ನವಸಾಗರದ ಪುಡಿಯನ್ನು ಒಳಗೆ ಚೆಲ್ಲುತ್ತಿದ್ದನು. ದಟ್ಟವಾದ ಬಿಳಿಯ ಹೊಗೆ ಏಳುತ್ತಿತ್ತು. ಆಗಲೇ ತವರದ ಕಡ್ಡಿಯನ್ನು ಪಾತ್ರೆಗೆ ತಾಗಿಸಿ, ಕರಗಿದ ತವರವನ್ನು ಅರಳೆಯ ಉಂಡೆಯಿಂದ ಒಳಮೈಯೆಲ್ಲ ಒರೆಸಿ ಹರಡುತ್ತಿದ್ದನು. ಕಡೆಗೆ ಪಾತ್ರೆಯನ್ನು ತಣ್ಣೀರಿಗೆ ಅದ್ದಿದರೆ ಕೆಲಸ ಮುಗಿಯುತ್ತಿತ್ತು.

ಈ ಪ್ರತಿಯೊಂದು ಹೆಜ್ಜೆಗೂ ಕಾರಣವುಂಟು. ಲೋಹವು ಗಾಳಿಗೆ ಒಡ್ಡಿಕೊಂಡಾಗ ಅದರ ಮೇಲೆ ಆಕ್ಸೈಡಿನ ಪೊರೆ ಕೂಡುತ್ತದೆ. ಕಾಯಿಸಿದಾಗಲಂತೂ ಇದು ಬಹುಬೇಗ ಬೆಳೆಯುತ್ತದೆ. ಪೊರೆಯಿದ್ದಲ್ಲಿ ತವರವು ಅಂಟದು; ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಉರುಳಿಹೋಗುವುದು. ನವಸಾಗರವು ಕಾದಾಗ ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆಯುತ್ತದೆ; ಈ ಎರಡನೆಯ ಅನಿಲವು ಪೊರೆಯನ್ನು ತಿಂದುಹಾಕಿ ಶುದ್ಧ ಲೋಹವನ್ನು ಹೊರಗೆಡವುತ್ತದೆ. ಆಗ ಕರಗಿದ ತವರವು ತಾಮ್ರದೊಡನೆ ಬೆರೆತು, ಎರಡರ ನಡುವೆ ಅತಿ ತೆಳುವಾದ ಸಂಯುಕ್ತದ ಪದರ ಉಂಟಾಗುತ್ತದೆ. ಕಲಾಯಿಯು ಬಣ್ಣದಂತೆ ಮೇಲೆ ಕುಳಿತಿರುವುದಿಲ್ಲ, ಪಾತ್ರೆಯೊಡನೆ ಬೆಸೆದುಕೊಂಡಿರುತ್ತದೆ. ತವರವು ಕರಗುವುದು ೨೩೨ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ನೀರಿರುವ ಪಾತ್ರೆಯು ಆ ಉಷ್ಣತೆಯನ್ನು ಮುಟ್ಟುವುದಿಲ್ಲ. ಬರಿದಾದ ಪಾತ್ರೆಯು ಒಲೆಯ ಮೇಲೆ ಬೇಗನೆ ಮುಟ್ಟುತ್ತದೆ. “ಕಲಾಯಿ ಪಾತ್ರೆಯನ್ನು ಬರಿದೇ ಕಾಯಿಸಬೇಡ” ಎಂದು ಅಜ್ಜಿಯರು ಗದರುತ್ತಿದ್ದುದು ಇದಕ್ಕಾಗಿಯೇ.

ತವರ ದುಬಾರಿ, ಸೀಸ ಅಗ್ಗ. ಎರಡೂ ಬೆಳ್ಳಗೆ ಕರಗುತ್ತವೆ. ಬೆರೆಸಿದರೆ ಕಣ್ಣಿಗೆ ಭೇದ ತಿಳಿಯುವುದು ಕಷ್ಟ. ಆದರೆ ಸೀಸವು ಮೆಲ್ಲನೆ ಕೊಲ್ಲುವ ವಿಷ. ಅದು ಅಡಿಗೆಯೊಡನೆ ದೇಹವನ್ನು ಸೇರಿ, ವಿಶೇಷವಾಗಿ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ವಿಷವನ್ನು ತಡೆಯಲೆಂದು ಹಾಕಿಸಿದ ಪರದೆಯೇ ವಿಷವಾಗಬಲ್ಲದು. ಮನೆಯವರ ಆರೋಗ್ಯವು ಕಲಾಯಿಗಾರನ ಕೈಚಳಕವನ್ನು ಎಷ್ಟು ಅವಲಂಬಿಸಿತ್ತೋ ಅವನ ಪ್ರಾಮಾಣಿಕತೆಯನ್ನೂ ಅಷ್ಟೇ ಅವಲಂಬಿಸಿತ್ತು.

ಬೀದಿಬದಿಯ ಈ ಸಣ್ಣ ಕಸುಬಿನಲ್ಲಿ ಒಂದು ದೊಡ್ಡ ಶಾಸ್ತ್ರದ ಮೂಲತತ್ತ್ವಗಳೆಲ್ಲ ಅಡಗಿವೆ. ಮೇಲ್ಮೈಯು ಶುದ್ಧವಾಗಿರಬೇಕು, ಲೇಪವು ಅಡಿಯ ಲೋಹವನ್ನು ಗಟ್ಟಿಯಾಗಿ ಹಿಡಿದಿರಬೇಕು, ಬಳಸಿದ ವಸ್ತುವು ಉದ್ದೇಶಕ್ಕೆ ತಕ್ಕುದಾಗಿರಬೇಕು. ಇಂದು ಕಾರ್ಖಾನೆಗಳಲ್ಲಿಯೂ ವಿಮಾನ ದುರಸ್ತಿಯ ಕೇಂದ್ರಗಳಲ್ಲಿಯೂ ಸವೆದ ಲೋಹದ ಭಾಗಗಳಿಗೆ ಮರುಬಾಳು ಕೊಡುವವರು ಪಾಲಿಸುವುದು ಈ ಮೂರು ನಿಯಮಗಳನ್ನೇ.

ಲೋಹವು ಕಲ್ಲಿನಂತೆ ಗಟ್ಟಿಯೆಂದು ತೋರಿದರೂ ಅದಕ್ಕೂ ಶತ್ರುಗಳುಂಟು. ಮೊದಲನೆಯದು ತುಕ್ಕು. ನೀರು ಮತ್ತು ಗಾಳಿ ಕೂಡಿ ಕಬ್ಬಿಣವನ್ನು ಮತ್ತೆ ಅದಿರಿನ ಸ್ಥಿತಿಗೆ ಎಳೆದೊಯ್ಯಲು ಹಗಲಿರುಳು ಶ್ರಮಿಸುತ್ತವೆ. ಎರಡನೆಯದು ಸವೆತ. ಒಂದರ ಮೇಲೊಂದು ಉಜ್ಜುವ ಭಾಗಗಳು, ಮಣ್ಣನ್ನು ಸೀಳುವ ನೇಗಿಲ ಗುಳ, ಮರಳು ಬೆರೆತ ನೀರಿಗೆ ಎದುರು ನಿಂತ ಚಕ್ರ, ಇವೆಲ್ಲ ದಿನದಿನಕ್ಕೆ ಕರಗುತ್ತವೆ. ಮೂರನೆಯದು ದಣಿವು. ಒಂದು ತಂತಿಯನ್ನು ಅತ್ತ ಇತ್ತ ಹಲವು ಬಾರಿ ಬಾಗಿಸಿದರೆ ಅದು ತುಂಡಾಗುವುದಷ್ಟೆ. ಹಾಗೆಯೇ ಎಡೆಬಿಡದೆ ಎಳೆತ ಬಿಡುವುಗಳಿಗೆ ಒಳಗಾದ ಲೋಹದಲ್ಲಿ ಕೂದಲಿಗಿಂತಲೂ ಸಣ್ಣ ಬಿರುಕು ಹುಟ್ಟಿ, ಮೆಲ್ಲಮೆಲ್ಲನೆ ಬೆಳೆದು, ಒಂದು ದಿನ ಥಟ್ಟನೆ ಒಡೆಯುತ್ತದೆ. ತುಕ್ಕು ಮತ್ತು ಸವೆತಗಳು ಕಣ್ಣಿಗೆ ಕಾಣುತ್ತವೆ, ದಣಿವು ಕಾಣುವುದಿಲ್ಲ. ಆದ್ದರಿಂದ ಮೂರರಲ್ಲಿ ಅದೇ ಹೆಚ್ಚು ಭಯಂಕರವಾದುದು.

ತುಕ್ಕಿನಿಂದ ಕಬ್ಬಿಣವನ್ನು ಕಾಯಲು ತವರಕ್ಕಿಂತ ಸತುವು ಮೇಲು. ತವರ ಹಚ್ಚಿದ ಕಬ್ಬಿಣದ ತಗಡಿನಲ್ಲಿ ಒಂದು ಗೀರು ಬಿದ್ದರೆ ಸಾಕು, ಅಲ್ಲಿ ಕಬ್ಬಿಣವು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಏಕೆಂದರೆ ಕಬ್ಬಿಣವು ತವರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಲೋಹ. ಸತುವು ಕಬ್ಬಿಣಕ್ಕಿಂತಲೂ ಹೆಚ್ಚು ಕ್ರಿಯಾಶೀಲ. ಅದರ ಲೇಪದಲ್ಲಿ ಗೀರು ಬಿದ್ದಾಗ ಸುತ್ತಲಿನ ಸತುವೇ ಮೊದಲು ಕರಗಿ, ತನ್ನನ್ನು ಬಲಿಗೊಟ್ಟು ಕಬ್ಬಿಣವನ್ನು ಉಳಿಸುತ್ತದೆ. ೧೮೨೪ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿಯು ಈ ತತ್ತ್ವವನ್ನು ಹಡಗುಗಳ ತಾಮ್ರದ ಹೊದಿಕೆಯ ಮೇಲೆ ಪ್ರಯೋಗಿಸಿದನು. ಸತುವು ಅಥವಾ ಕಬ್ಬಿಣದ ಸಣ್ಣ ತುಂಡುಗಳನ್ನು ಜೋಡಿಸಿದಾಗ ಸಮುದ್ರದ ಉಪ್ಪುನೀರಿನಲ್ಲಿ ತಾಮ್ರವು ಕರಗುವುದು ನಿಂತಿತು. ಆದರೆ ಕರಗಿದ ತಾಮ್ರದ ವಿಷವಿಲ್ಲದೆ ಹೋದುದರಿಂದ ಹಡಗಿನ ತಳಕ್ಕೆ ಚಿಪ್ಪುಜೀವಿಗಳೂ ಕಳೆಯೂ ಮುತ್ತಿಕೊಂಡು ಹಡಗುಗಳು ನಿಧಾನವಾದವು! ಒಂದು ತೊಂದರೆಯನ್ನು ನೀಗುವಾಗ ಮತ್ತೊಂದು ತಲೆಯೆತ್ತೀತೆಂಬ ಎಚ್ಚರ ದುರಸ್ತಿಗಾರನಿಗೆ ಇರಬೇಕೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ. ೧೮೩೭ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಮನೆಮನೆಯ ಬಕೆಟ್ಟು, ನೀರಿನ ಕೊಳವೆ, ಮುಳ್ಳುತಂತಿಗಳು ಈ ವಿಧಾನದ ಫಲವೇ. ಸುಮಾರು ೪೫೦ ಡಿಗ್ರಿ ಉಷ್ಣತೆಯ ಸತುವಿನ ತೊಟ್ಟಿಯಲ್ಲಿ ಮುಳುಗಿ ಎದ್ದ ಕಬ್ಬಿಣವು ಮಳೆಗಾಳಿಗಳನ್ನು ಹಲವಾರು ವರ್ಷ ಎದುರಿಸಬಲ್ಲದು.

ಲೋಹವನ್ನು ಕರಗಿಸದೆಯೇ ಲೇಪ ಕೊಡುವ ಮಾರ್ಗವೂ ಉಂಟು. ೧೮೦೦ರಲ್ಲಿ ಇಟಲಿಯ ವೋಲ್ಟನು ವಿದ್ಯುತ್ಕೋಶವನ್ನು ರಚಿಸಿದನು. ಐದೇ ವರ್ಷಗಳಲ್ಲಿ ಅವನ ನಾಡಿನವನೇ ಆದ ಬ್ರುನ್ಯಾತೆಲ್ಲಿಯು ಆ ವಿದ್ಯುತ್ತನ್ನು ಬಳಸಿ ಬೆಳ್ಳಿಯ ಪದಕಗಳಿಗೆ ಚಿನ್ನದ ಮುಲಾಮು ಕೊಟ್ಟನು. ಲೇಪಿಸಬೇಕಾದ ವಸ್ತುವನ್ನು ಋಣಾಗ್ರವಾಗಿಸಿ, ಲೋಹದ ಲವಣದ ದ್ರಾವಣದಲ್ಲಿ ಇಳಿಬಿಟ್ಟು ವಿದ್ಯುತ್ತನ್ನು ಹರಿಸಿದರೆ ದ್ರಾವಣದಲ್ಲಿರುವ ಲೋಹವು ಕಣಕಣವಾಗಿ ಬಂದು ಅದರ ಮೇಲೆ ಕೂಡುತ್ತದೆ. ಇದೇ ವಿದ್ಯುಲ್ಲೇಪನ. ಗಿಲೀಟು ಒಡವೆಯ ಹೊಳಪೂ ಸೈಕಲ್ಲಿನ ಹಿಡಿಯ ಮಿಂಚೂ ಇದರಿಂದಲೇ ಬಂದವು. ಹೊಳಪಿಗಾಗಿ ಕೊಡುವ ಕ್ರೋಮಿಯಮ್ ಲೇಪವು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಯಂತ್ರಗಳ ಸವೆದ ದಂಡಗಳಿಗಾದರೋ ಅದಕ್ಕಿಂತ ಎಷ್ಟೋ ಪಟ್ಟು ದಪ್ಪವಾಗಿ ಗಡಸು ಕ್ರೋಮಿಯಮ್ಮನ್ನು ಏರಿಸಿ, ಆಮೇಲೆ ಸಾಣೆ ಹಿಡಿದು ನಿಶ್ಚಿತವಾದ ಅಳತೆಗೆ ತರುತ್ತಾರೆ.

ಈ ಕೆಲಸದಲ್ಲಿಯೂ ಎರಡು ಅಪಾಯಗಳಿವೆ. ಲೇಪನದ ಸಮಯದಲ್ಲಿ ಹೊಮ್ಮುವ ಹೈಡ್ರೋಜನ್ ಬಲವಾದ ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸಾಗಿಸುತ್ತದೆ. ಅದನ್ನು ಹೊರಗಟ್ಟಲು ವಸ್ತುವನ್ನು ಕೂಡಲೇ ಒಲೆಯಲ್ಲಿಟ್ಟು ಸುಮಾರು ೧೯೦ ಡಿಗ್ರಿಯ ಉಷ್ಣತೆಯಲ್ಲಿ ಹಲವು ಗಂಟೆ ಕಾಯಿಸಬೇಕು. ಇದನ್ನು ಮರೆತರೆ ಥಳಥಳಿಸುವ ದಂಡವು ಭಾರ ಬಿದ್ದಾಗ ಗಾಜಿನಂತೆ ಮುರಿದೀತು. “ಮೇಲೆ ಥಳಕು, ಒಳಗೆ ಹುಳುಕು” ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಎರಡನೆಯ ಅಪಾಯ ಕೆಲಸಗಾರನಿಗೆ. ಕ್ರೋಮಿಕ್ ಆಮ್ಲದ ತೊಟ್ಟಿಯಿಂದೇಳುವ ಆವಿಯು ಮೂಗಿನ ಒಳಪೊರೆಯನ್ನು ಕೊರೆಯುತ್ತದೆ, ಶ್ವಾಸಕೋಶದ ಅರ್ಬುದ ರೋಗಕ್ಕೂ ಕಾರಣವಾಗುತ್ತದೆ. ಆ ತೊಟ್ಟಿಯ ತ್ಯಾಜ್ಯವನ್ನು ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಊರಿನ ಬಾವಿಯೂ ಕೆಡುತ್ತದೆ. ಯಂತ್ರದ ಒಂದು ಭಾಗವನ್ನು ಉಳಿಸಲು ಮನುಷ್ಯನನ್ನು ಕಳೆದುಕೊಳ್ಳುವುದು ದುರಸ್ತಿಯೆನಿಸಲಾರದು.

ಸವೆತವು ಆಳವಾಗಿದ್ದರೆ ತೆಳುಲೇಪ ಸಾಲದು. ಹೋದ ಲೋಹವನ್ನು ಮತ್ತೆ ತುಂಬಬೇಕು. ಹಳ್ಳಿಯ ಕಮ್ಮಾರನಿಗೆ ಇದು ಹೊಸತಲ್ಲ. ಮೊಂಡಾದ ಗುಳವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತುದಿಗೆ ಉಕ್ಕಿನ ತುಂಡನ್ನು ಇಟ್ಟು, ಬಡಿದು ಬೆಸೆದು ಹರಿತಗೊಳಿಸುವುದು ಅವನ ಕುಲಕಸುಬಾಗಿತ್ತು. ಇಂದಿನ ವೆಲ್ಡಿಂಗ್ ಕೆಲಸಗಾರನು ಅದನ್ನೇ ವಿದ್ಯುತ್ತಿನ ಚಾಪದಿಂದ ಮಾಡುತ್ತಾನೆ. ಮಂಡ್ಯ, ಬೆಳಗಾವಿ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬನ್ನು ಅರೆಯುವ ಭಾರಿ ಉರುಳೆಗಳ ಹಲ್ಲುಗಳು ಹಂಗಾಮಿನುದ್ದಕ್ಕೂ ಸವೆಯುತ್ತವೆ. ಕಬ್ಬಿನೊಡನೆ ಬರುವ ಮಣ್ಣು ಮರಳುಗಳು ಸವೆತವನ್ನು ಹೆಚ್ಚಿಸುತ್ತವೆ. ಹಲ್ಲು ನುಣುಪಾದರೆ ಉರುಳೆಯು ಕಬ್ಬನ್ನು ಕಚ್ಚಿ ಎಳೆಯಲಾರದು. ಆಗ ಅವುಗಳ ಮೇಲೆ ಗಡಸು ಲೋಹವನ್ನು ಬೆಸುಗೆಯಿಂದ ಏರಿಸಿ ಮತ್ತೆ ಒರಟಾಗಿಸುತ್ತಾರೆ. ಒಂದು ಉರುಳೆಯನ್ನು ಎಸೆದು ಮತ್ತೊಂದನ್ನು ಎರಕ ಹೊಯ್ಯಿಸುವುದಕ್ಕೆ ಹೋಲಿಸಿದರೆ ಇದರ ವೆಚ್ಚ ಬಹು ಅಲ್ಪ.

ಕೆಲವೊಮ್ಮೆ ತುಂಬುವುದಕ್ಕಿಂತ ಕಳೆಯುವುದೇ ಉಪಾಯವಾಗುತ್ತದೆ. ಲಾರಿಯ ಎಂಜಿನ್ನಿನ ಸಿಲಿಂಡರು ಸವೆದು ಅಂಡಾಕಾರವಾದಾಗ ಅದನ್ನು ಕೊರೆದು ದುಂಡಗೆ ಮಾಡಿ, ಒಳಗೆ ಹೊಸ ಲೋಹದ ಅಂಗಿಯೊಂದನ್ನು ತೊಡಿಸುತ್ತಾರೆ. ಕ್ರ್ಯಾಂಕ್ ದಂಡವು ಸವೆದಾಗ ಅದನ್ನು ಸಮವಾಗಿ ಸಾಣೆ ಹಿಡಿದು, ಕಡಿಮೆಯಾದ ಅಳತೆಗೆ ಸರಿಯಾದ ಹೊಸ ಬೇರಿಂಗುಗಳನ್ನು ಕೂಡಿಸುತ್ತಾರೆ. ತಾಲ್ಲೂಕು ಕೇಂದ್ರಗಳ ಲೇತು ಯಂತ್ರದ ಅಂಗಡಿಗಳಲ್ಲಿ ಈ ಕೆಲಸ ನಿತ್ಯವೂ ನಡೆಯುತ್ತದೆ. ಕೂದಲೆಳೆಯ ಅಂತರವನ್ನು ಅಳೆಯುವ ಆ ಕೆಲಸಗಾರರಲ್ಲಿ ಅನೇಕರು ಹೆಚ್ಚು ಓದಿದವರಲ್ಲ. ಆದರೆ ಅವರ ಬೆರಳ ತುದಿಗೆ ಇರುವ ಜ್ಞಾನ ಅಲ್ಪವಾದುದಲ್ಲ.

ಬೆಸುಗೆಗೆ ಒಂದು ದೋಷವುಂಟು. ಅದರ ತೀವ್ರವಾದ ಶಾಖಕ್ಕೆ ತೆಳುವಾದ ಭಾಗಗಳು ಸೊಟ್ಟಗಾಗುತ್ತವೆ, ಹದಗೊಳಿಸಿದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಈ ತೊಡಕಿಗೆ ಪರಿಹಾರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಷೋಪನು ಕಂಡುಹಿಡಿದನು. ಆಟದ ಬಂದೂಕಿನಿಂದ ಗೋಡೆಗೆ ಹಾರಿಸಿದ ಸೀಸದ ಗುಂಡುಗಳು ಚಪ್ಪಟೆಯಾಗಿ ಅಂಟಿಕೊಂಡುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುವುದುಂಟು. ಲೋಹದ ತಂತಿಯನ್ನೋ ಪುಡಿಯನ್ನೋ ಜ್ವಾಲೆಯಲ್ಲಿ ಕರಗಿಸಿ, ಗಾಳಿಯ ರಭಸದಿಂದ ತುಂತುರಾಗಿ ಎರಚಿದರೆ ಆ ಹನಿಗಳು ವಸ್ತುವಿಗೆ ಬಡಿದು, ಚಪ್ಪಟೆಯಾಗಿ, ಒಂದರ ಮೇಲೊಂದು ಪದರಗಟ್ಟುತ್ತವೆ. ಅಡಿಯ ಲೋಹವು ಅತಿಯಾಗಿ ಕಾಯದಿರುವುದರಿಂದ ಸೊಟ್ಟಗಾಗುವ ಭಯವಿಲ್ಲ. ಆದರೆ ಇಲ್ಲಿ ಹನಿಗಳು ಹೆಚ್ಚಾಗಿ ಮೇಲ್ಮೈಯ ಉಬ್ಬುತಗ್ಗುಗಳನ್ನು ಕಚ್ಚಿಕೊಂಡು ನಿಲ್ಲುತ್ತವೆ. ಆದುದರಿಂದ ಮೊದಲು ಗಡಸಾದ ಕಣಗಳನ್ನು ಎರಚಿ ಮೇಲ್ಮೈಯನ್ನು ಶುದ್ಧವಾಗಿಯೂ ಒರಟಾಗಿಯೂ ಮಾಡಲೇಬೇಕು. ಕಲಾಯಿಗಾರನ ಹುಡುಗನು ಹಂಡೆಯೊಳಗೆ ನಿಂತು ಮಾಡುತ್ತಿದ್ದುದರ ಮುಂದುವರಿದ ರೂಪವೇ ಇದು.

ಹಿಮಾಲಯದ ನದಿಗಳು ಮಳೆಗಾಲದಲ್ಲಿ ಹೊತ್ತು ತರುವ ಬೆಣಚುಕಲ್ಲಿನ ಮರಳು ಜಲವಿದ್ಯುತ್ ಕೇಂದ್ರಗಳ ಚಕ್ರಗಳನ್ನು ಅರದಂತೆ ಉಜ್ಜಿ ತಿನ್ನುತ್ತದೆ. ಹಿಮಾಚಲ ಪ್ರದೇಶದಲ್ಲಿ ಸಟ್ಲೆಜ್ ನದಿಯ ಮೇಲಿರುವ ೧೫೦೦ ಮೆಗಾವಾಟ್ ಸಾಮರ್ಥ್ಯದ ನಾಥ್ಪಾ ಝಾಕ್ರಿ ಕೇಂದ್ರದಲ್ಲಿ ಈ ಚಕ್ರಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಡಸು ವಸ್ತುವನ್ನು ಶಬ್ದಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಎರಚಿ ಲೇಪಿಸುತ್ತಾರೆ. ಲೇಪವು ಸವೆದಾಗ ಚಕ್ರವನ್ನು ಬಿಚ್ಚಿ, ಹಳ್ಳ ಬಿದ್ದೆಡೆ ಬೆಸುಗೆಯಿಂದ ತುಂಬಿ, ಮತ್ತೆ ಲೇಪಿಸುತ್ತಾರೆ. ಜೆಟ್ ವಿಮಾನದ ಎಂಜಿನ್ನಿನಲ್ಲಿ ಉರಿಯುವ ಅನಿಲದ ಉಷ್ಣತೆಯು ಅದರ ಅಲಗುಗಳು ಕರಗುವ ಉಷ್ಣತೆಯನ್ನೂ ಮೀರುತ್ತದೆ. ಅಲಗಿನೊಳಗೆ ಹರಿಯುವ ತಂಪುಗಾಳಿ ಮತ್ತು ಅದರ ಮೈಮೇಲಿನ ಜರ್ಕೋನಿಯದ ತೆಳುಲೇಪ, ಇವೆರಡೂ ಸೇರಿ ಅದನ್ನು ಕಾಯುತ್ತವೆ. ಬೆಂಗಳೂರಿನಲ್ಲಿ ೧೯೪೦ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಖ್ಯವಾಗಿ ನಡೆದುದು ವಿಮಾನಗಳ ಮತ್ತು ಎಂಜಿನ್ನುಗಳ ದುರಸ್ತಿಯೇ. ಕೆಟ್ಟುದನ್ನು ಬಿಚ್ಚಿ ಸರಿಪಡಿಸುತ್ತ ಕಲಿತ ಕೈಗಳೇ ಮುಂದೆ ಹೊಸದನ್ನು ಕಟ್ಟಲು ಸಮರ್ಥವಾದವು.

ಆದರೆ ದುರಸ್ತಿಯು ತಪ್ಪಿದರೆ ಏನಾಗುವುದೆಂಬುದನ್ನು ಜಗತ್ತು ಮರೆಯುವಂತಿಲ್ಲ. ೧೯೭೮ರಲ್ಲಿ ಜಪಾನಿನ ದೊಡ್ಡ ವಿಮಾನವೊಂದು ಒಸಾಕಾದಲ್ಲಿ ಇಳಿಯುವಾಗ ಅದರ ಬಾಲವು ನೆಲಕ್ಕೆ ತಾಗಿ, ಹಿಂಭಾಗದಲ್ಲಿದ್ದ ಬಟ್ಟಲಿನಾಕಾರದ ಲೋಹದ ಗೋಡೆಗೆ ಪೆಟ್ಟಾಯಿತು. ಆ ಗೋಡೆಯ ಅರ್ಧವನ್ನು ಬದಲಿಸಿ ಜೋಡಿಸುವಾಗ ಒಂದೇ ತುಂಡಾಗಿ ಇರಬೇಕಾಗಿದ್ದ ಪಟ್ಟಿಯನ್ನು ಎರಡು ತುಂಡಾಗಿ ಕತ್ತರಿಸಿ ಕೂಡಿಸಲಾಯಿತು. ಇದರಿಂದ ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಭಾರವು ಒಂದೇ ಸಾಲಿನ ಮೇಲೆ ಬಿದ್ದಿತು. ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇದ್ದಿತು. ವಿಮಾನವು ಹನ್ನೆರಡು ಸಾವಿರಕ್ಕೂ ಹೆಚ್ಚು ಬಾರಿ ಏರಿ ಇಳಿಯಿತು. ಪ್ರತಿ ಬಾರಿಯೂ ರಿವೆಟ್ಟಿನ ರಂಧ್ರಗಳ ಅಂಚಿನಲ್ಲಿ ಬಿರುಕು ಕೂದಲೆಳೆಯಷ್ಟು ಬೆಳೆಯಿತು. ೧೯೮೫ರ ಆಗಸ್ಟ್ ೧೨ರ ಸಂಜೆ ಟೋಕಿಯೋದಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಆ ಗೋಡೆ ಒಡೆದು, ಬಾಲದ ರೆಕ್ಕೆ ಕಿತ್ತುಹೋಗಿ, ವಿಮಾನವು ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ೫೨೪ ಮಂದಿಯಲ್ಲಿ ೫೨೦ ಮಂದಿ ಮಡಿದರು. ಏಳು ವರ್ಷಗಳ ಹಿಂದೆ ಮಾಡಿದ ಒಂದು ತಪ್ಪು ಜೋಡಣೆಯು ಅಷ್ಟು ಕಾಲ ಮೌನವಾಗಿ ಕಾದಿದ್ದಿತು.

ಆದಕಾರಣ ದುರಸ್ತಿಯ ಕೆಲಸದಲ್ಲಿ ಪರೀಕ್ಷೆಯೂ ಒಂದು ಅನಿವಾರ್ಯವಾದ ಅಂಗ. ಹಿಂದೆ ರೈಲು ನಿಲ್ದಾಣಗಳಲ್ಲಿ ಒಬ್ಬನು ಉದ್ದನೆಯ ಸುತ್ತಿಗೆಯಿಂದ ಗಾಡಿಯ ಚಕ್ರಗಳನ್ನು ಬಡಿಯುತ್ತ ಹೋಗುತ್ತಿದ್ದನು. ಗಟ್ಟಿ ಚಕ್ರವು ಗಂಟೆಯಂತೆ ನಾದಗೈದರೆ ಬಿರುಕು ಬಿಟ್ಟ ಚಕ್ರವು ಒಡಕು ದನಿ ಕೊಡುತ್ತಿತ್ತು. ಇಂದು ಬಿರುಕಿನೊಳಕ್ಕೆ ಇಳಿಯುವ ಬಣ್ಣದ ದ್ರವ, ಕಾಂತದ ಸೆಳೆತಕ್ಕೆ ಬಿರುಕಿನ ಉದ್ದಕ್ಕೂ ಸಾಲುಗಟ್ಟುವ ಕಬ್ಬಿಣದ ಪುಡಿ, ಲೋಹದೊಳಕ್ಕೆ ಹೋಗಿ ಮರಳುವ ಶ್ರವಣಾತೀತ ಧ್ವನಿತರಂಗ, ಕ್ಷ-ಕಿರಣ ಇವು ಆ ಕೆಲಸವನ್ನು ಮಾಡುತ್ತವೆ. ಬಿರುಕನ್ನು ಕಂಡುಹಿಡಿಯದೆ ಅದರ ಮೇಲೆ ಲೇಪ ಹಚ್ಚುವುದು ರೋಗವನ್ನು ಅರಿಯದೆ ಗಾಯಕ್ಕೆ ಬಟ್ಟೆ ಸುತ್ತಿದಂತೆ. ಸರಿಪಡಿಸಬಾರದ ಭಾಗಗಳೂ ಉಂಟು. ಅವನ್ನು ಗುರುತಿಸಿ “ಇದು ಆಗದು” ಎಂದು ಹೇಳುವ ಧೈರ್ಯವೂ ಒಳ್ಳೆಯ ಕೆಲಸಗಾರನ ಲಕ್ಷಣವೇ.

ಒಂದು ಟನ್ ಉಕ್ಕನ್ನು ಹೊಸದಾಗಿ ತಯಾರಿಸಲು ಸುಮಾರು ಒಂದೂವರೆ ಟನ್ ಅದಿರನ್ನು ನೆಲದಿಂದ ಅಗೆಯಬೇಕು. ಅದನ್ನು ಕರಗಿಸಲು ರಾಶಿ ಕಲ್ಲಿದ್ದಲನ್ನು ಉರಿಸಬೇಕು. ಸವೆದ ದಂಡದಲ್ಲಿ ನಷ್ಟವಾಗಿರುವುದು ಬಹುಶಃ ಒಂದು ಹಿಡಿ ಲೋಹ ಮಾತ್ರ. ಆ ಒಂದು ಹಿಡಿಯನ್ನು ಮರಳಿ ಸೇರಿಸಿದರೆ ಉಳಿದುದೆಲ್ಲ ಉಳಿಯುತ್ತದೆ. ಬೆಟ್ಟವೂ ಕಾಡೂ ಅಷ್ಟರಮಟ್ಟಿಗೆ ಉಳಿಯುತ್ತವೆ. ಹಳೆಯದಾಯಿತೆಂದು ಎಸೆಯುವುದು ಸುಲಭ. ಉಳಿಸಿಕೊಳ್ಳುವುದಕ್ಕೆ ವಿದ್ಯೆ ಬೇಕು, ತಾಳ್ಮೆ ಬೇಕು.

ತುಕ್ಕು ಹಿಡಿಯದ ಉಕ್ಕಿನ ಪಾತ್ರೆಗಳು ಬಂದ ಮೇಲೆ ಕಲಾಯಿಗಾರರು ವಿರಳರಾದರು. ಅವರ ಕೂಗು ಇಂದು ಬೀದಿಗಳಲ್ಲಿ ಅಪರೂಪ. ಕೆಲಸ ಮುಗಿದ ಮೇಲೆ ಕಲಾಯಿಗಾರನು ಪಾತ್ರೆಯನ್ನು ಮನೆಯೊಡತಿಯ ಕೈಗೆ ಕೊಡುವಾಗ ಅದರ ಬಾಯನ್ನು ಬೆಳಕಿಗೆ ತಿರುಗಿಸಿ, “ನೋಡಿಕೊಳ್ಳಿ ಅಮ್ಮ, ಎಲ್ಲಾದರೂ ಬಿಟ್ಟಿದೆಯೇನು?” ಎಂದು ಕೇಳುತ್ತಿದ್ದನು. ಆಕೆಯು ಒಳಗೆ ಬೆರಳಾಡಿಸಿ ನೋಡುತ್ತಿದ್ದಳು. ಎಲ್ಲಿಯಾದರೂ ಹಿತ್ತಾಳೆಯ ಹಳದಿ ಚುಕ್ಕೆಯೊಂದು ಕಂಡರೆ ಅವನು ಮರುಮಾತಾಡದೆ ಪಾತ್ರೆಯನ್ನು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದನು.